ಏಳನೇ ಲಿವರಿನ ಚೀಟಿ

೧೨ ನವೆಂಬರ್, ಮಂಗಳವಾರ

ಆ ಚೀಟಿ ಬರೆದವಳು ನಾನೇ ಎಂಬುದು ಇನ್ನೂ ಚುಚ್ಚುತ್ತಿದೆ: ‘ಏಳನೇ ಲಿವರ್ ಕೆಟ್ಟಿದೆ. ಎಳೆಯಬೇಡಿ.’ ನಮ್ಮ ರೈಲ್ವೆ ಸ್ಟೇಷನ್ನು ಮ್ಯೂಸಿಯಂ ಆಗಿ ಆರು ವರ್ಷ; ಅದನ್ನು ನೋಡಿಕೊಳ್ಳುವವಳು ನಾನು. ಎಣ್ಣೆ ಬಿಟ್ಟು, ನಾವು ಮೂರು ಜನ ಜೋತುಬಿದ್ದು ಎಳೆದರೂ ಆ ಲಿವರ್ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ.

ಇವತ್ತು ದೊಡ್ಡಪ್ಪ ಬಂದರು. ಈ ಲಿವರುಗಳಿರುವ ಇದೇ ಕ್ಯಾಬಿನ್ನಿನಲ್ಲಿ ಮೂವತ್ತು ವರ್ಷ ಸಿಗ್ನಲ್ ಎಳೆದವರು. ಕೊನೆಯ ರೈಲು ಹೋದಮೇಲೆ ಈ ಕಡೆ ತಲೆಯೇ ಹಾಕಿರಲಿಲ್ಲ. ಚೀಟಿ ಓದಿ ನಕ್ಕರು.

“ಕೆಟ್ಟಿರೋದು ಅದಲ್ಲ ಕಣೇ, ನಿಮ್ಮ ಬುದ್ಧಿ. ಗೇಟು ಹಾಕದೆ ಸಿಗ್ನಲ್ ಕೊಡು ಅಂದ್ರೆ ಅದು ಕೊಡುತ್ತಾ?”

ಕರವಸ್ತ್ರವನ್ನು ಹಿಡಿಗೆ ಸುತ್ತಿಕೊಂಡರು. ಬರಿಗೈ ಬೆವರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದಂತೆ. ಮೊದಲು ಎಳೆದದ್ದು ರಸ್ತೆಯ ಗೇಟು ಮುಚ್ಚುವ ನಾಲ್ಕನೇ ಲಿವರ್; ಅದು ಬರದೆ ಏಳನೆಯದು ಬಿಡದ ಹಾಗೆ ಎರಡಕ್ಕೂ ಒಳಗೇ ಬೀಗವಂತೆ. ಆಮೇಲೆ ಏಳನೆಯದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ದೂರದ ಕಂಬದ ಮೇಲೆ ಸಿಗ್ನಲ್ಲಿನ ಕೆಂಪು ಕೈ ಬಾಗಿತು.

ಗೇಟನ್ನು ಗುಜರಿಗೆ ಹಾಕಿ ಯಾವ ಕಾಲವಾಯಿತು! ಹಳಿಯಿಲ್ಲ, ರೈಲಿಲ್ಲ. ಆದರೂ ದಾರಿಯಲ್ಲಿ ಹೋಗುವ ಯಾರದೋ ಜೀವಕ್ಕಾಗಿ, ನಮ್ಮ ಮೂವರ ಬಲಕ್ಕೂ ಅದು ಊಹೂಂ ಎಂದಿತ್ತಲ್ಲ.

ಹೊರಡುವ ಮುಂಚೆ ದೊಡ್ಡಪ್ಪ ಎರಡನ್ನೂ ಹಿಂದಕ್ಕೆ ಹಾಕಿದರು. ಇರಲಿ ಬಿಡಿ, ನಾಳೆ ಬಂದವರು ನೋಡಲಿ ಎಂದೆ.

“ಛೇ, ಗೇಟಲ್ಲಿ ಜನ ಕಾಯ್ತಿರ್ತಾರೆ.”

ಚೀಟಿ ಹರಿದುಹಾಕಿದೆ. ಹೊಸದರಲ್ಲಿ ‘ಏಳನೇ ಲಿವರ್. ಕೆಲಸದಲ್ಲಿದೆ’ ಎಂದಷ್ಟೇ ಬರೆದಿದ್ದೇನೆ. ಎಳೆಯಬೇಡಿ ಎನ್ನಲು ನಾನು ಯಾರು? ತಪ್ಪಾದರೆ ಅದೇ ಹೇಳುತ್ತದೆ.