ನನ್ನ ಅಕ್ಕ ಊಟ ಬೇಡವೆನ್ನಲಿಲ್ಲ

ಮಾನ್ಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ಕಚೇರಿಯಿಂದ ಹೋದ ತಿಂಗಳು ನನಗೆ ಬಂದ ಉತ್ತರದಲ್ಲಿ ಒಂದು ವಾಕ್ಯವಿದೆ: "ದಾಖಲೆಗಳ ಪ್ರಕಾರ ಸದರಿ ರೋಗಿಯು ನೀಡಲಾದ ಆಹಾರವನ್ನು ಪದೇ ಪದೇ ನಿರಾಕರಿಸಿರುತ್ತಾರೆ." ಸದರಿ ರೋಗಿ ನನ್ನ ಅಕ್ಕ. ಆ ವಾಕ್ಯ ಸುಳ್ಳು. ತಮ್ಮ ವೃದ್ಧೆಯರ ವಾರ್ಡಿನಲ್ಲಿ ಹದಿನಾಲ್ಕು ದಿನ ಹಸಿದುಕೊಂಡು ಮಲಗಿದ್ದು, ಹದಿನೈದನೆಯ ದಿನ ಬೆಳಗ್ಗೆ ಸತ್ತ ಹೆಂಗಸಿನ ಮೇಲೆ ತಾವು ಹೊರಿಸಿರುವ ಸುಳ್ಳು. ಇದನ್ನು ಖಾಸಗಿಯಾಗಿ ಮೂರು ಸಲ ಬರೆದು ತಿಳಿಸಿದೆ. ಮೂರಕ್ಕೂ ಒಂದೇ ಉತ್ತರ ಬಂತು, ತಾರೀಖು ಮಾತ್ರ ಬೇರೆ. ಆದ್ದರಿಂದ ನಾಲ್ಕನೆಯದನ್ನು ಊರೇ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಅಕ್ಕ ಹಸಿವಿನಿಂದಲೇ ಸತ್ತಳು ಎಂದು ನಾನು ಹೇಳುತ್ತಿಲ್ಲ. ನಾನು ವೈದ್ಯನಲ್ಲ. ಕಫ ಕಟ್ಟಿತು, ಜ್ವರ ಏರಿತು, ತಡೆದುಕೊಳ್ಳುವ ಶಕ್ತಿ ಇರಲಿಲ್ಲ ಎಂದು ತಮ್ಮ ವೈದ್ಯರೇ ಹೇಳಿದರು. ಪಾಪ, ಒಳ್ಳೆಯ ಮನುಷ್ಯ, ಹೇಳುವಾಗ ಅವರ ಮುಖವೂ ಬಾಡಿತ್ತು. ಆದರೆ ಎಂಬತ್ತೊಂದು ವರ್ಷದ ಹೆಂಗಸಿಗೆ ಶಕ್ತಿ ಎಲ್ಲಿಂದ ಬರಬೇಕಿತ್ತು ಸ್ವಾಮಿ? ಗೋಡೆಗೆ ತೂಗುಹಾಕಿರುವ ತಮ್ಮ "ಸೇವೆಯೇ ನಮ್ಮ ಉಸಿರು" ಎಂಬ ಫಲಕವನ್ನು ಓದಿಕೊಂಡು ಬರಬೇಕಿತ್ತೇ?

ನನ್ನ ಅಕ್ಕ ಯಾರು ಎಂದು ಹೇಳಿಬಿಡುತ್ತೇನೆ. ತಮ್ಮ ವಾರ್ಡಿನಲ್ಲಿ ಅವಳಿಗೆ "ಹದಿನೇಳು" ಎಂದಷ್ಟೇ ಹೆಸರಿತ್ತು. ನಮ್ಮ ಬೀದಿಯಲ್ಲಿ ಅವಳು ಟೇಲರಮ್ಮ. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮಕ್ಕಳು ಬೆಳೆಯುತ್ತವೆ ಎಂದು ಪ್ರತಿ ಅಂಗಿಯ ಕೆಳಗೆ ಮೂರು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಆರು. ಅಲ್ಲಿಂದಾಚೆಗೆ ನನಗೆ ತುತ್ತು ಕಲಸಿ ಬಾಯಿಗಿಟ್ಟವಳು ಅವಳೇ. ತಟ್ಟೆಯಲ್ಲಿ ಅಗುಳು ಉಳಿದರೆ ನನ್ನ ಕಿವಿ ಕೆಂಪಾಗುತ್ತಿತ್ತು. ಅವಳ ತಟ್ಟೆಯಂತೂ ತೊಳೆದಿಟ್ಟ ಹಾಗೆ ಇರುತ್ತಿತ್ತು. "ನಿನ್ನ ತಟ್ಟೆ ತೊಳೆಯೋದೇ ದಂಡ ಅಕ್ಕ, ಹಾಗೇ ಮಡಗಿಬಿಡು" ಎಂದು ನನ್ನ ಹೆಂಡತಿ ಬದುಕಿದ್ದಾಗ ರೇಗಿಸುತ್ತಿದ್ದಳು. ಈ ಹೆಂಗಸು ಊಟ ನಿರಾಕರಿಸಿದಳಂತೆ!

ಪರದೆ ತೆಗೆಯಲು ಸ್ಟೂಲು ಹತ್ತಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಬಲಗೈ ಮಣಿಕಟ್ಟೂ ಮುರಿಯಿತು. "ಎಂಬತ್ತರ ಮೇಲೆ ಸ್ಟೂಲು ಹತ್ತೋರು ಯಾರಮ್ಮ?" ಎಂದು ವೈದ್ಯರು ಕೇಳಿದರೆ, "ಪರದೆ ಕೆಳಗಿಳಿದು ಬರ್ತಾ ಇರಲಿಲ್ಲ ಡಾಕ್ಟ್ರೇ" ಎಂದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆ ಶಸ್ತ್ರವೈದ್ಯರ ಕೈಗೆ ನಮಸ್ಕಾರ. ಮೂಳೆ ಕೂಡಿಸುವ ವಿದ್ಯೆ ತಮ್ಮ ಆಸ್ಪತ್ರೆಗೆ ಗೊತ್ತಿದೆ. ಕೂಡಿಸಿದ ಮೇಲೆ ಆ ಮೂಳೆಯ ಸುತ್ತ ಇರುವ ಮನುಷ್ಯಳಿಗೆ ಊಟ ಬೇಕು ಎಂಬುದು ಮಾತ್ರ ಯಾರ ಇಲಾಖೆಗೆ ಸೇರಿದ್ದೋ ನನಗೆ ಇವತ್ತಿಗೂ ತಿಳಿಯಲಿಲ್ಲ.

ತಮ್ಮ ನಿಯಮ ತಮಗೆ ಗೊತ್ತೇ ಇದೆ. ಊಟದ ಹೊತ್ತಿನಲ್ಲಿ ವಾರ್ಡು ಶಾಂತವಾಗಿರಬೇಕು, ಆದ್ದರಿಂದ ಗಂಟೆ ಬಾರಿಸಿದ ಕೂಡಲೇ ಮನೆಯವರೆಲ್ಲ ಹೊರಗೆ. ಹೊರಗಿನ ಊಟವೂ ಬಾಗಿಲಲ್ಲೇ ಹೊರಗೆ. ಮಧ್ಯಾಹ್ನ ಮೂರರಿಂದ ಐದರವರೆಗೆ ನಾವು ಬಂದು ನಮ್ಮವರ ಮುಖ ನೋಡಬಹುದು. ಅಂದರೆ ಯಾವ ಹೊತ್ತಿನಲ್ಲಿ ಒಂದು ಕೈ ಬೇಕೋ ಆ ಹೊತ್ತಿನಲ್ಲಿ ಕೈಗಳನ್ನೆಲ್ಲ ಹೊರಗೆ ಕಳಿಸಿ, ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ ಒಳಗೆ ಬಿಡುವುದು. ಇದನ್ನು ಯೋಚಿಸಿದ ಮಹಾಶಯರು ಯಾರೋ, ಅವರ ಮನೆಯಲ್ಲಿ ಮುದುಕರು ಇರಲಿಲ್ಲವೇನೋ.

ಐದನೆಯ ದಿನ ಮೂರು ಗಂಟೆಗೆ ಹೋದಾಗ ಅಕ್ಕ ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ, "ಹಸಿವಾಗುತ್ತೆ ಕಣೋ" ಎಂದಳು. ಹಾಗೆ ಹೇಳುವುದೂ ಅವಳಿಗೆ ನಾಚಿಕೆ. ನಾನು ಸಿಸ್ಟರ್ ಹತ್ತಿರ ಹೋದೆ. ಆ ಹುಡುಗಿ ಮೂವತ್ತೆರಡು ಹಾಸಿಗೆಗೆ ಒಬ್ಬಳೇ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಫೋನು. ಆದರೂ ಸಿಡುಕದೆ ಚಾರ್ಟು ತೆಗೆದು ತೋರಿಸಿದಳು. "ನೋಡಿ ಸಾರ್, ಊಟ ಹೋಗಿದೆ. ಅವರೇ ಬೇಡ ಅಂದಿದ್ದಾರೆ. ವಯಸ್ಸಾದೋರು ಹೀಗೇ, ನೀವೇ ಸ್ವಲ್ಪ ಬುದ್ಧಿ ಹೇಳಿ."

ನಾನು ಚಾರ್ಟು ನೋಡಿದೆ. ಪೂರ್ತಿ, ಅರ್ಧ, ನಿರಾಕರಣೆ: ಮೂರು ಮನೆ. ನಾಲ್ಕು ದಿನವೂ ಸಾಲಾಗಿ ಮೂರನೆಯ ಮನೆಯಲ್ಲಿ ಗುರುತು. ಆ ಗುರುತುಗಳನ್ನು ನಾನು ನಂಬಿದೆ. ಹಾಸಿಗೆಯ ಹತ್ತಿರ ವಾಪಸ್ಸು ಬಂದು, ನನ್ನನ್ನು ಸಾಕಿದವಳಿಗೆ ಬುದ್ಧಿ ಹೇಳಿದೆ.

"ಬೇಡ ಅಂತ ಯಾಕೆ ಹೇಳ್ತೀಯ ಅಕ್ಕ? ಹಠ ಮಾಡಬಾರದು. ಮನೆ ರುಚಿ ಇಲ್ಲಿ ಸಿಗುತ್ತಾ?"

"ನಾನ್ಯಾವಾಗ ಬೇಡ ಅಂದೆ?"

"ಬರೆದಿದ್ದಾರಲ್ಲ, ನೋಡಿ ಬಂದೆ."

ಅವಳು ನನ್ನ ಮುಖ ನೋಡಿದಳು. "ಬರೆದಿದ್ದಾರಾ? ಹಾಗಾದ್ರೆ ಸರಿ ಬಿಡು" ಎಂದು ಮುಖವನ್ನಷ್ಟೇ ಗೋಡೆ ಕಡೆ ತಿರುಗಿಸಿದಳು. ಆಮೇಲೆ ನನ್ನ ಹತ್ತಿರ ಹಸಿವಿನ ಮಾತನ್ನೇ ಎತ್ತಲಿಲ್ಲ.

ಇಷ್ಟು ಸುಲಭವಾಗಿ ಹೇಗೆ ನಂಬಿದೆ ಎಂದು ತಾವು ಕೇಳಬಹುದು. ಹೇಳುತ್ತೇನೆ, ಕೇಳಿ. ಮಾನ್ಯರೇ, ಆ ನಮೂನೆ ನನ್ನದು. ತಮ್ಮದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಮೊದಲು ಊಟದ ವಿವರವನ್ನು ಸಿಸ್ಟರುಗಳು ಕೈಬರಹದಲ್ಲಿ ಬರೆಯುತ್ತಿದ್ದರು. "ಎರಡು ತುತ್ತು ತಿಂದರು, ನುಂಗಲು ಕಷ್ಟ, ಹಾಲು ಕುಡಿಸಲಾಯಿತು" ಎಂದೆಲ್ಲ ಇರುತ್ತಿತ್ತು. ಓದಲು ಆಗುತ್ತಿರಲಿಲ್ಲ, ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆಗಿನ ಅಧೀಕ್ಷಕರು ಚುಟುಕಾಗಿ ಏನಾದರೂ ಮಾಡಿ ಎಂದರು. ನಾನು ಅಡಿಕೋಲು ಹಿಡಿದು ಮೂರು ಮನೆ ಎಳೆದುಕೊಟ್ಟೆ. ಎಲ್ಲರೂ ಬೆನ್ನು ತಟ್ಟಿದರು. ಬಡ್ತಿಯ ಪತ್ರದಲ್ಲಿ ಅದರ ಪ್ರಸ್ತಾಪವೂ ಇತ್ತು. ತಟ್ಟೆ ಕೈಗೆ ಎಟುಕಲಿಲ್ಲ ಎನ್ನುವುದಕ್ಕೆ ಒಂದು ಮನೆ ಬೇಕಾದೀತು ಎಂದು ನನಗೆ ಹೊಳೆಯಲೇ ಇಲ್ಲ. ಊಟ ಕೊಟ್ಟರು ಎಂದರೆ ಊಟ ಸಿಕ್ಕಿತು ಎಂದೇ ನಾನು ತಿಳಿದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದೆ, ಉಣ್ಣದೇ ಹೋದವಳು ಅವಳು.

ಕಣ್ಣು ತೆರೆಸಿದವರು ಪಕ್ಕದ ಹಾಸಿಗೆಯ ಅಜ್ಜಿ. ಒಂಬತ್ತನೆಯ ದಿನ ಅಕ್ಕ ತೂಕಡಿಸುತ್ತಿದ್ದಾಗ ನನ್ನನ್ನು ಕಣ್ಸನ್ನೆಯಲ್ಲಿ ಕರೆದರು. "ನಿಮ್ಮಕ್ಕ ತಟ್ಟೇನ ನೋಡ್ತಾರೆ, ತಟ್ಟೆ ನಿಮ್ಮಕ್ಕನ್ನ ನೋಡುತ್ತೆ. ಇಬ್ಬರಿಗೂ ಪರಿಚಯ ಆಗೋಷ್ಟರಲ್ಲಿ ಗಾಡಿ ಬಂದು ಎತ್ಕೊಂಡು ಹೋಗುತ್ತೆ. ಅಳದೇ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ, ಕೂಗಿ ಅಂತ ನಾನೂ ಹೇಳ್ದೆ. ಆ ಸಿಸ್ಟರ್ ಹುಡುಗಿ ಓಡಾಟ ನೋಡಿ ನಿಮ್ಮಕ್ಕ ಕೂಗೋದೇ ಇಲ್ಲ."

ಮರುದಿನ ನಾನು ಊಟದ ಹೊತ್ತಿಗೇ ಹೋದೆ. ಬಾಗಿಲು ಕಾಯುವವನು ಹಳೆಯ ಪರಿಚಯ. "ಒಳಗೆ ಬಿಡೋಕಾಗಲ್ಲ ಸಾರ್, ಗಾಜಲ್ಲಿ ನೋಡ್ಕೊಳ್ಳಿ" ಎಂದ. ನೋಡಿದೆ. ಊಟದ ಟ್ರಾಲಿ ತಳ್ಳುವವಳು ಬಂದಳು. ಅಕ್ಕನ ಕಾಲ ಕಡೆ ನಿಂತಿದ್ದ ಚಕ್ರದ ಮೇಜಿನ ಮೇಲೆ ತಟ್ಟೆ ಇಟ್ಟು ಮುಂದೆ ಹೋದಳು. ಅಕ್ಕನ ಬಲಗೈ ಮೊಣಕೈವರೆಗೂ ಪ್ಲಾಸ್ಟರ್. ಏಳುವಂತಿಲ್ಲ, ಹೊರಳುವಂತಿಲ್ಲ. ಹಲ್ಲಿನ ಸೆಟ್ಟು ಆಪರೇಷನ್ನಿಗೆ ಮುಂಚೆ ತೆಗೆದು ಡಬ್ಬಿಗೆ ಹಾಕಿದ್ದು ಡಬ್ಬಿಯಲ್ಲೇ ಇತ್ತು. ಊಟದ ಹೊತ್ತಿಗೆ ಹಾಕಿಸುತ್ತಾರೆ ಎಂದು ನಾನು ಅಲ್ಲಿಯವರೆಗೂ ತಿಳಿದಿದ್ದೆ. ಅವಳು ಎಡಗೈ ಚಾಚಿದಳು. ಮೇಜು ಒಂದು ಮೊಳ ದೂರ. ಕೈ ಇಳಿಸಿದಳು. ಮತ್ತೆ ಚಾಚಿದಳು. ಇಪ್ಪತ್ತು ನಿಮಿಷ ಬಿಟ್ಟು ಟ್ರಾಲಿ ವಾಪಸ್ಸು ಬಂತು. ತಟ್ಟೆಯ ಮುಚ್ಚಳ ಎತ್ತಿ, ಊಟ ಹಾಗೇ ಇರುವುದನ್ನು ನೋಡಿ, ಚಾರ್ಟಿನಲ್ಲಿ ಗುರುತು ಹಾಕಲು ಟ್ರಾಲಿಯವಳು ಪೆನ್ನು ತೆಗೆದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತು ಕೇಳಿದ್ದೀರಲ್ಲ, ತಮ್ಮ ವಾರ್ಡಿನಲ್ಲಿ ಅದು ಕೈಗೂ ಬರುವುದಿಲ್ಲ.

ನಾನು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ. ಕೂಗಾಡಿದೆ. ಸಿಸ್ಟರ್ ಓಡಿ ಬಂದವಳು ಮೇಜು ನೋಡಿದಳು, ಕೈ ನೋಡಿದಳು, ಡಬ್ಬಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. "ನೀವು ತಿನ್ನಿಸಿ ಸಾರ್. ನಾನು ನೋಡಿಲ್ಲ ಅಂತ ಇಟ್ಕೊಳ್ಳಿ" ಎಂದಳು. ಹಲ್ಲು ತೊಳೆದು ಹಾಕಿದೆ. ದಿಂಬು ಏರಿಸಿದೆ. ಆರಿಹೋದ ಸೂಪು, ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ. ಅಕ್ಕ ಎಲ್ಲವನ್ನೂ ತಿಂದಳು. ಕೊನೆಯ ಬ್ರೆಡ್ಡಿನ ಚೂರಿನಿಂದ ಬಟ್ಟಲು ಒರೆಸಿಸಿಕೊಂಡಳು. ನಾನು ಅಳುತ್ತಿದ್ದೆ. "ನೀನು ಊಟ ಮಾಡಿದ್ಯೇನೋ?" ಎಂದು ಕೇಳಿದಳು.

ಹತ್ತು, ಹನ್ನೊಂದು, ಹನ್ನೆರಡು: ಮೂರು ಮಧ್ಯಾಹ್ನ ಹೀಗೆ ಕದ್ದು ಅಕ್ಕನಿಗೆ ಅನ್ನ ಹಾಕಿದೆ. ಸಂಜೆಯ ಪಾಳಿಯಲ್ಲಿ ಆ ಸಿಸ್ಟರ್ ಇರುತ್ತಿರಲಿಲ್ಲ, ಬಾಗಿಲೂ ತೆರೆಯುತ್ತಿರಲಿಲ್ಲ. ಹದಿಮೂರನೆಯ ದಿನ ತಾವು ತಪಾಸಣೆಗೆ ಬಂದಿರಿ. ವಾರ್ಡಿನಲ್ಲಿ ಹೊರಗಿನವನೊಬ್ಬ ಚಮಚ ಹಿಡಿದು ಕೂತಿರುವುದು ತಮ್ಮ ಕಣ್ಣಿಗೆ ಬಿತ್ತು. ಊಟದ ಮುಂದೆ ಕೈ ಎತ್ತಲಾಗದೆ ಕೂತಿದ್ದ ಉಳಿದ ಏಳೆಂಟು ಮುದುಕಿಯರು ಮಾತ್ರ ಕಣ್ಣಿಗೆ ಬೀಳಲಿಲ್ಲ. "ಈ ಸಂಸ್ಥೆಯಲ್ಲಿ ದುಡಿದವರೇ ಶಿಸ್ತು ಮುರಿದರೆ ಹೇಗೆ?" ಎಂದು ತಾವು ನನ್ನನ್ನು ಕೇಳಿದಿರಿ. ಎಷ್ಟು ಸಭ್ಯವಾಗಿ ಕೇಳಿದಿರಿ! ನಾನು ಚಮಚ ಕೆಳಗಿಟ್ಟು ಎದ್ದೆ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ಅಧೀಕ್ಷಕರು ಹೇಳಿದರೆ ಎದ್ದು ನಿಲ್ಲುವುದು. ಅಕ್ಕನ ಬಾಯಿ ತುತ್ತಿಗೆ ತೆರೆದೇ ಇತ್ತು. ಅವತ್ತು ನಾನು ಎದ್ದಿದ್ದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು, ತಮ್ಮ ಮೇಲಿರುವುದಕ್ಕಿಂತ ಹೆಚ್ಚು.

ಈಗ ತಮ್ಮ ದಾಖಲೆಗೆ ಬರೋಣ. ತಾವು ಅಷ್ಟು ಭಕ್ತಿಯಿಂದ ಉಲ್ಲೇಖಿಸಿರುವ ಆ ಚಾರ್ಟಿನ ಪ್ರತಿ ತರಿಸಿಕೊಂಡು ಓದಿದ್ದೇನೆ. ಹದಿನಾಲ್ಕು ದಿನದಲ್ಲಿ ಮೂರೇ ಮೂರು ಕಡೆ "ಪೂರ್ತಿ" ಎಂದಿದೆ. ಹತ್ತರ ಮಧ್ಯಾಹ್ನ, ಹನ್ನೊಂದರ ಮಧ್ಯಾಹ್ನ, ಹನ್ನೆರಡರ ಮಧ್ಯಾಹ್ನ. ಅದೇ ದಿನಗಳ ಸಂಜೆ ಮತ್ತೆ "ನಿರಾಕರಣೆ". ರೋಗಿಗೆ ಮಧ್ಯಾಹ್ನ ಮಾತ್ರ ಊಟ ರುಚಿಸುತ್ತಿತ್ತೇ? ಅದೂ ಆ ಮೂರು ದಿನ ಮಾತ್ರ? ಆ ಚಾರ್ಟನ್ನು ಒಬ್ಬರಾದರೂ ಓದಿದ್ದರೆ ಪ್ರಶ್ನೆ ಏಳುತ್ತಿತ್ತು. ಬರೆಯುವವರು ಬರೆಯುತ್ತಾರೆ, ಕಟ್ಟುವವರು ಕಟ್ಟುತ್ತಾರೆ, ದಾಖಲೆ ಕೋಣೆಯ ಕಪಾಟಿಗೆ ಹೋಗುತ್ತದೆ. ಮನೆಯವರು ದೂರು ಕೊಟ್ಟ ದಿನ ಮಾತ್ರ ಅದನ್ನು ಹೊರಗೆ ತೆಗೆದು ಅವರ ಮುಖಕ್ಕೆ ಹಿಡಿಯುತ್ತೀರಿ.

ಟ್ರಾಲಿಯವಳನ್ನು ಅಮಾನತು ಮಾಡಿರುವುದಾಗಿ ಕೇಳಿದೆ. ದಯವಿಟ್ಟು ಆ ಶೌರ್ಯ ಬೇಡ. ನಾಲ್ಕು ವಾರ್ಡಿಗೆ ಒಬ್ಬಳು ತಟ್ಟೆ ಹಂಚುತ್ತಾಳೆ, ನಿಲ್ಲಲು ಅವಳಿಗೆ ಪುರುಸೊತ್ತು ಕೊಟ್ಟವರಿಲ್ಲ. ಅವಳ ಮುಂದಿದ್ದದ್ದು ಮೂರು ಮನೆ, ತುಂಬಿದ ತಟ್ಟೆಗೆ ಹೊಂದುವುದು ಅವುಗಳಲ್ಲಿ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆಯನ್ನು ಆಸ್ಪತ್ರೆಯವರಾದರೂ ಬಿಡಬೇಕು.

ನನಗೆ ತಮ್ಮಿಂದ ಪರಿಹಾರ ಬೇಡ. ಸಂತಾಪವೂ ಬೇಡ, ಅದರ ಅಚ್ಚು ಹಾಕಿದ ಪ್ರತಿ ಎಲ್ಲಿರುತ್ತದೆ ಎಂದು ನನಗೆ ಗೊತ್ತು. ಎರಡೇ ಕೇಳುತ್ತೇನೆ. ಒಂದು, ಊಟದ ಗಂಟೆಗೆ ಮನೆಯವರನ್ನು ಒಳಗೆ ಬಿಡಿ. ಮನೆಯವರಿಲ್ಲದವರ ಪಕ್ಕದಲ್ಲಿ, ತಟ್ಟೆ ಖಾಲಿಯಾಗುವವರೆಗೆ ಕೂರುವ ಒಬ್ಬರನ್ನು ನೇಮಿಸಿ. ಬೇಕಾದರೆ ನನ್ನಂಥ ನಿವೃತ್ತರನ್ನು ಕರೆಯಿರಿ, ಚಮಚ ಹಿಡಿಯಲು ಬರುತ್ತದೆ.

ಎರಡು, ನನ್ನ ಅಕ್ಕನ ಚಾರ್ಟನ್ನು ತಿದ್ದಿ. ತಪ್ಪು ಬರೆದ ದಾಖಲೆಯನ್ನು ಹರಿಯಬಾರದು, ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಸಿಗಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಹೊಣೆಗಾರರು ಸಹಿ ಹಾಕಬೇಕು. ದಾಖಲೆ ಕೋಣೆಗೆ ಬಂದ ಪ್ರತಿಯೊಬ್ಬ ಹೊಸಬನಿಗೂ ನಾನು ಮೊದಲ ದಿನ ಕಲಿಸುತ್ತಿದ್ದ ಪಾಠ ಇದು. "ನಿರಾಕರಣೆ" ಎಂದಿರುವ ಪ್ರತಿ ಕಡೆ ಆ ಗೆರೆ ಎಳೆಯಿರಿ. ಪಕ್ಕದಲ್ಲಿ "ತಿನ್ನಿಸಲಿಲ್ಲ" ಎಂದು ಬರೆಯಿರಿ. ಐದನೆಯ ದಿನದ ಮುಂದೆ ನನ್ನ ಸಹಿ ಹಾಕಲು ನಾನೇ ಬರುತ್ತೇನೆ, ಅವತ್ತು ಹಸಿವು ಎಂದವಳಿಗೆ ಬುದ್ಧಿ ಹೇಳಿದವನು ನಾನು. ಹದಿಮೂರನೆಯ ದಿನದ ಮುಂದೆ ಯಾರು ಸಹಿ ಹಾಕಬೇಕೆಂದು ತಮಗೆ ಗೊತ್ತು.

ಇಂತಿ,
ಒಡಹುಟ್ಟಿದವಳ ಮಾತಿಗಿಂತ ತಮ್ಮ ಚಾರ್ಟನ್ನು ಹೆಚ್ಚು ನಂಬಿದ,
ತಮ್ಮ ದಾಖಲೆ ಕೋಣೆಯ ನಿವೃತ್ತ ಗುಮಾಸ್ತ