ಹನ್ನೆರಡು ಗಂಟೆಯ ದಾರಿ

ಕುಮಟಾ. ೫ ನವೆಂಬರ್ ೧೯೫೯, ಗುರುವಾರ, ಬೆಳಿಗ್ಗೆ ಹತ್ತೂವರೆ

ನೀರು ಸೇದಿ ಆಯಿತು. ಮೂವರು ನಾದಿನಿಯರ ಜಡೆ ಆಯಿತು. ಹಿತ್ತಿಲ ಗಳಕ್ಕೆ ಬಟ್ಟೆ ಹರವಿ ಆಯಿತು. ಈಗ ಅಟ್ಟದಲ್ಲಿ, ಅಕ್ಕಿಮೂಟೆಯ ಹಿಂದೆ. ಬೇರೆ ಎಲ್ಲಿ ಕೂರಲಿ? ಮದುವೆಯಾಗಿ ಆರು ತಿಂಗಳು, ನಮ್ಮ ಕೋಣೆಗೆ ಇನ್ನೂ ಬಾಗಿಲಿಲ್ಲ. ಪರದೆ ಇದೆ. ಪರದೆಯ ಮೇಲೆ ನವಿಲುಗಳು. ಒಂದು ನವಿಲಿನ ಕಣ್ಣು ತೂತಾಗಿದೆ, ಕಿರಿಯ ನಾದಿನಿ ಅಲ್ಲಿಂದಲೇ ಇಣುಕುವುದು.

ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ನಾಗಪತಿ ಒಂದು ಪುಟ ಓದಿ ನಕ್ಕುಬಿಟ್ಟರು — ಒಂದೇ ಪುಟದಲ್ಲಿ ಹನ್ನೊಂದು ಸಲ ‘ಲವ್ಲಿ’ಯಂತೆ. ಕನ್ನಡದಲ್ಲಿ ಬರೆ, ಬೇರೆ ಬೇರೆ ಖುಷಿಗೆ ಬೇರೆ ಬೇರೆ ಮಾತು ಹುಡುಕಬೇಕಾಗ್ತದೆ, ಎಂದರು. ಸರಿ, ಕನ್ನಡ. ಇನ್ನು ಮುಂದೆ ಓದುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದೇನೆ.

ಅಯ್ಯೋ, ಗಂಡನ ಹೆಸರು ಬರೆದೆ. ಬಾಯಲ್ಲಿ ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದಂತೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ನಾಗಪತಿ, ನಾಗಪತಿ, ನಾಗಪತಿ.

ಸುದ್ದಿ — ನಿನ್ನೆ ವರ್ಗದ ಆರ್ಡರ್ ಬಂತು. ಡಿಸೆಂಬರ್ ಒಂದರಿಂದ ಅವರು ಭಟ್ಕಳದ ಹೈಸ್ಕೂಲಿಗೆ. ಅಲ್ಲೇ ಪಕ್ಕದ ಜಾಲಿಯಲ್ಲಿ ಬಾಡಿಗೆ ಮನೆಯೂ ಇದೆಯಂತೆ. ಎರಡು ಕೋಣೆ. ಎರಡಕ್ಕೂ ಬಾಗಿಲು! ನಾನು ಒಲೆಯ ಮುಂದೆಯೇ ಒಂದು ಸುತ್ತು ತಿರುಗಿಬಿಟ್ಟೆ. ಆಮೇಲೆ ಊಟಕ್ಕೆ ಬಡಿಸುತ್ತ ಅತ್ತೆ, ಎಲ್ಲರಿಗೂ ಕೇಳುವ ಹಾಗೆ —

“ಅಂವ ಹೋಗ್ಲಿ. ಶನಿವಾರ ಶನಿವಾರ ಬಂದು ಹೋಗ್ಲಿ. ಅದು ಇಲ್ಲೇ ಇರ್ಲಿ.”

‘ಅದು’ ಎಂದರೆ ನಾನು. ಇಲ್ಲಿ ಹೆಂಗಸರೆಲ್ಲ ‘ಅದು’. ಮದುವೆಯಾಗಿ ಬೆಳಗಾವಿಯಿಂದ ಬಂದ ಮೊದಲ ವಾರ “ಅದು ಎದ್ದಿತಾ?” ಎಂದು ಕೇಳಿದಾಗ ಬೆಕ್ಕಿನ ವಿಚಾರವೆಂದುಕೊಂಡಿದ್ದೆ. ನನ್ನದು ಮಿರ್ಜಾನದ ಅಜ್ಜಿಯ ಹೆಸರು, ಲಕ್ಕಿ. ಕಾನ್ವೆಂಟಿನ ಸಿಸ್ಟರುಗಳು ಅದನ್ನು ಇಂಗ್ಲಿಷ್ ಹೆಸರೆಂದೇ ತಿಳಿದು ‘ಲಕ್ಕಿ ಗರ್ಲ್’ ಎನ್ನುತ್ತಿದ್ದರು. ಈ ಮನೆಯಲ್ಲಿ ಹೆಸರು ಹಿಡಿದು ಕರೆಯುವವರು ನಾಗಪತಿ ಒಬ್ಬರೇ. ಅದೂ ಪರದೆಯ ಹಿಂದೆ, ಪಿಸುದನಿಯಲ್ಲಿ.

ನಿನ್ನೆ ಊಟಕ್ಕೆ ಕೂತಲ್ಲಿ ಅವರು ಬಾಯಿ ತೆರೆದರು, ಸುಳ್ಳು ಹೇಳಬಾರದು. “ಅಬ್ಬೆ, ಭಟ್ಕಳಕ್ಕೆ...”

“ಎಂತ?”

“ಎಂತ ಇಲ್ಲ. ಸಾರು ಹಾಕು.”

ಅತ್ತೆಯ ಕಿವಿಗೆ ಏನೂ ಆಗಿಲ್ಲ. ಅಟ್ಟದಲ್ಲಿ ಇಲಿ ನಡೆದರೂ ಕೇಳುತ್ತದೆ. ಬೇಡದ ಮಾತು ಬಂದಾಗ ಮಾತ್ರ “ಎಂತ?” ಎನ್ನುತ್ತಾರೆ. ಅದನ್ನು ಎರಡನೆಯ ಸಲ ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಮಾವನವರಿಗೂ.

೬ ನವೆಂಬರ್

ಜಗಳ. ಪಿಸುಮಾತಿನ ಜಗಳ — ಗಂಟಲು ನೋಯುತ್ತದೆ, ಸಮಾಧಾನವೂ ಆಗುವುದಿಲ್ಲ. ನಾನು ಭಟ್ಕಳಕ್ಕೆ ಬಂದೇ ಬರುತ್ತೇನೆ, ಆದರೆ ಹೇಳಬೇಕಾದವರು ನೀವು ಎಂದೆ. ನಾನು ಹೇಳಿದರೆ ಹಟಮಾರಿ ಸೊಸೆಯ ಕಥೆಯಾಗುತ್ತದೆ. ತರಗತಿಯಲ್ಲಿ ನಲವತ್ತು ಹುಡುಗರನ್ನು ಕೂರಿಸುವವರು ತಾಯಿಯೆದುರು ಸಾರು ಕೇಳುತ್ತಾರೆ!

ಕೊನೆಗೆ ಒಪ್ಪಂದ. ಎರಡು ದಿನ ರಜೆ, ಜೊತೆಗೆ ಶನಿವಾರ, ಭಾನುವಾರ. ಮುಂದಿನ ವಾರ ನಾಲ್ಕು ದಿನ ಬೆಳ್ಳಕ್ಕಿ ಕುರ್ವೆಯಲ್ಲಿ. ಅಘನಾಶಿನಿ ಹೊಳೆಯ ನಡುವಿನ ಪುಟ್ಟ ದ್ವೀಪ, ಅತ್ತೆಯ ತವರು. ಭಾನುವಾರ ಹುಣ್ಣಿಮೆ. ಆ ದಿನ ಅತ್ತೆ ಪ್ರತಿವರ್ಷ ಅಲ್ಲಿಯ ದೇವಸ್ಥಾನಕ್ಕೆ ಬರುತ್ತಾರೆ. ಅಂದು ಅಲ್ಲೇ ಹೇಳಿಬಿಡುತ್ತೇನೆ ಎಂದು ನಾಗಪತಿ ನನ್ನ ತಲೆ ಮುಟ್ಟಿದರು.

ತಲೆ ನನ್ನದು. ಹುಷಾರಾಗಿರಬೇಕಾದದ್ದು ಅವರು.

೮ ನವೆಂಬರ್, ಭಾನುವಾರ

ಕುರ್ವೆಯಲ್ಲಿ ಎಲ್ಲಿ ಇಳಿದುಕೊಳ್ಳುವುದು? ಮನೆಯಲ್ಲಿ ಇದೇ ಮಾತು. ನಾಗಪತಿ ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದರು. ಉದ್ದಕ್ಕೆ ಮಲಗಿದ ಮೀನಿನ ಹಾಗಿದೆ. ಮೂಡಣ ಬದಿಯ ತಲೆಗೆ ದಕ್ಕೆ. ಅಲ್ಲಿ ಅಕ್ಕಿಗಿರಣಿಯ ಮೇಲೊಂದು ಕೋಣೆ ಸಿಗುತ್ತದೆ — ದಿನವಿಡೀ ಧಡಧಡ, ಜೊತೆಗೆ ದೋಣಿ ಇಳಿದವರೆಲ್ಲ ಕತ್ತೆತ್ತಿ ನೋಡುತ್ತಾರೆ. ನಡುವೆ ದೇವಸ್ಥಾನದ ಕೇರಿ. ಅಲ್ಲಿ ಅತ್ತೆಯ ತಂಗಿ ದೇವಿ ಚಿಕ್ಕಮ್ಮನ ಮನೆ, ಸಿಹಿನೀರಿನ ಬಾವಿ, ದಿನಕ್ಕೆ ಮೂರು ತಿಂಡಿ. ಅಲ್ಲಿ ಕೋಣೆಗೆ ಬಾಗಿಲಿದೆಯೇ ಎಂದು ಕೇಳಿದೆ. ನಾಗಪತಿ ಸ್ಲೇಟು ಒರೆಸತೊಡಗಿದರು. ಪರದೆ!

ಬಾಲದ ಕಡೆ ಪಡುತುದಿ. ನಾಗಪತಿಯ ಶಾಲೆಯ ಗಣಿತದ ಮಾಸ್ತರರ ತೆಂಗಿನ ತೋಟ, ಅದರಲ್ಲಿ ಒಂದೇ ಮನೆ. ಈಗ ಖಾಲಿ. ಪಕ್ಕದ ಗುಡಿಸಲಿನಲ್ಲಿ ತೋಟ ಕಾಯುವ ಸುಕ್ರಿ. ಕೇರಿಗೂ ತುದಿಗೂ ನಡುವೆ ಒಂದು ಮರಳಿನ ದಾರಿ. ಭರತಿಯಲ್ಲಿ ಮುಳುಗುತ್ತದೆ, ಇಳಿತದಲ್ಲಿ ತೆರೆಯುತ್ತದೆ.

ಅತ್ತೆ ಬೇಡವೇ ಬೇಡ ಎಂದರು. ಭರತಿ ಬಂದರೆ ದಾರಿಯಿಲ್ಲ, ಕೂಗಿದರೂ ಯಾರೂ ಬರುವುದಿಲ್ಲ ಎಂದರು. ಯಾರೂ ಬರುವುದಿಲ್ಲ! ಇಷ್ಟು ಚಂದದ ಮಾತು ಈ ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಪಡುತುದಿಗೇ ಹೋಗುತ್ತೇವೆ ಎಂದೆ. ಊಟದ ಹೊತ್ತಿನಲ್ಲಿ ನಾನು ಮಾತಾಡಿದ್ದು ಅದೇ ಮೊದಲು. ನಾದಿನಿಯರ ಕೈ ಎಲೆಯ ಮೇಲೇ ನಿಂತಿತು. ಅಲ್ಲಿಯ ಬಾವಿ ಉಪ್ಪು ಎಂದರು ಅತ್ತೆ. ಕೇರಿಯಿಂದ ಹೊತ್ತು ತರುತ್ತೇನೆ ಎಂದೆ. ಹಾವಿದೆ ಎಂದರು. ಕೋಲು ಇಟ್ಟುಕೊಳ್ಳುತ್ತೇನೆ ಎಂದೆ.

“ಕೇರಿಯಲ್ಲಿ ಅಷ್ಟು ದೊಡ್ಡ ಮನೆ ಇಟ್ಕಂಡು ಅಲ್ಲೇ ಎಂತಕ್ಕೆ?”

“ಅಲ್ಲಿ ಬಾಗಿಲಿದೆ, ಅತ್ತೆ.”

ಮಾವನವರಿಗೆ ಕೆಮ್ಮು ಬಂತು. ಎದ್ದು ಕೈ ತೊಳೆಯಲು ಹೋದರು. ಹಿತ್ತಿಲಲ್ಲಿ ಅವರ ಹೆಗಲು ಕುಲುಕುತ್ತಿತ್ತು — ಅದು ಕೆಮ್ಮಲ್ಲ.

ಅತ್ತೆಯ ಷರತ್ತು ಒಂದೇ. ಹುಣ್ಣಿಮೆಯ ಮಧ್ಯಾಹ್ನ ಹನ್ನೆರಡಕ್ಕೆ ದೇವಿ ಚಿಕ್ಕಮ್ಮನ ಮನೆಯಲ್ಲಿ ಎಲೆ ಹಾಕುತ್ತಾರೆ. ಆಗ ನಾವು ಅಲ್ಲಿರಬೇಕು. ಅಷ್ಟೇನಾ? ಹನ್ನೆರಡಕ್ಕೆ ಐದು ನಿಮಿಷ ಮೊದಲೇ ಇರುತ್ತೇನೆ!

ಪಡುತುದಿ. ೧೨ ನವೆಂಬರ್, ಗುರುವಾರ, ಮಧ್ಯಾಹ್ನ

ಬಂದೆವು! ಏಕಾದಶಿ ಮುಗಿದ ಮರುದಿನವೇ. ಮಿರ್ಜಾನದಿಂದ ದೋಣಿ. ಮರಳದಾರಿಯ ಬಳಿ ನಿಂತಾಗ ಸರಿಯಾಗಿ ಹನ್ನೆರಡು. ಕಣ್ಣೆದುರೇ ನೀರು ಎರಡು ಕಡೆ ಸರಿದು ಒದ್ದೆ ಬೆನ್ನಿನ ಹಾಗೆ ದಾರಿ ಎದ್ದಿತು. ಕಾಲಂದುಗೆಯವರೆಗೆ ನೀರು, ಕೆಳಗೆ ಮೆತ್ತನೆ ಮರಳು. ಗುರುತು ಮಾಡಿಕೊಂಡೆ: ದಾರಿ ಹನ್ನೆರಡು ಗಂಟೆಗೆ ತೆರೆಯುತ್ತದೆ.

ಸುಕ್ರಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕತ್ತಿನ ತುಂಬ ಕರಿಮಣಿ. ಇವತ್ತು ಎಷ್ಟನೆಯ ತಾರೀಕು ಗೊತ್ತೇ ಎಂದು ಸುಮ್ಮನೆ ಕೇಳಿದೆ. ತಾರೀಕು ಗೊತ್ತಿಲ್ಲ, ಇವತ್ತು ದ್ವಾದಶಿ ಎಂದಳು. ನನ್ನ ಪುಸ್ತಕದಲ್ಲೂ ಹನ್ನೆರಡು! ನಿನ್ನ ಲೆಕ್ಕ, ನನ್ನ ಲೆಕ್ಕ ಒಂದೇ ಎಂದೆ. ಅವಳು ನಾಗಪತಿಯ ಮುಖ ನೋಡಿದಳು. ಅವರು ತೆಂಗಿನ ಮರ ನೋಡುತ್ತಿದ್ದರು.

ಬಾಗಿಲು ಹಲಸಿನ ಹಲಗೆಯದು. ಒಳಗಿನಿಂದ ಅಗಳಿ. ಹಾಕಿದೆ, ತೆಗೆದೆ, ಹಾಕಿದೆ. ಮೂರನೆಯ ಸಲ ನಾಗಪತಿ ಹೊರಗೇ ಉಳಿದಿದ್ದರು. “ಎಂತ?” ಎಂದೆ ಒಳಗಿಂದ.

ನಕ್ಕು ನಕ್ಕು ಅಗಳಿ ತೆಗೆಯಲಾಗಲಿಲ್ಲ.

೧೩

ಬರೆಯಲು ಪುರುಸೊತ್ತಿಲ್ಲ.

೧೪ ನವೆಂಬರ್, ಶನಿವಾರ, ಸಂಜೆ

ಸುಕ್ರಿಯ ಜೊತೆ ಬಳಚು — ಚಿಪ್ಪುಮೀನು — ಹೆಕ್ಕಲು ಹೋಗಿದ್ದೆ. ಚಿಪ್ಪುಗಳೆಲ್ಲ ಕೆಸರಿನೊಳಗೆ, ಕಣ್ಣಿಗೆ ಕಾಣುವುದಿಲ್ಲ, ಅಂಗಾಲಿನಿಂದ ಹುಡುಕಬೇಕು. ನನ್ನ ಅಂಗಾಲಿಗೆ ಸಿಕ್ಕಿದ್ದೆಲ್ಲ ಕಲ್ಲು. “ನಿಮ್ಮ ಕಾಲು ಶಾಲಿಗೆ ಹೋದದ್ದು ಅಕ್ಕಾ, ಅದ್ಕೆ ಇದೆಲ್ಲಾ ತಿಳಿಯೂದಿಲ್ಲ” ಎಂದಳು. ಸಿಟ್ಟು ಬಂತು. ಹಟ ಹಿಡಿದು ಸೊಂಟದ ನೀರಿನಲ್ಲಿ ನಿಂತು ಇಪ್ಪತ್ತಮೂರು ತೆಗೆದೆ. ಸೀರೆ ಹಾಳು. ಪಲ್ಯ ಎಂಥ ರುಚಿ! (ಲವ್ಲಿ. ಒಂದೇ ಸಲ.)

ಆಮೇಲೆ ನಾಳೆಯ ರಿಹರ್ಸಲ್. ನಾನು ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ನಾಗಪತಿ ಎದುರು ನಿಂತು, ಅಬ್ಬೆ, ಭಟ್ಕಳಕ್ಕೆ ನಾವಿಬ್ರೂ... ಎಂದರು. “ಎಂತ?” ಎಂದೆ. ಬಾಯಿ ಮುಚ್ಚಿತು! ಆಟದಲ್ಲೂ! ನನಗೆ ನಗು ಬರಲಿಲ್ಲ. ನಾಳೆ ನೀವು ಹೇಳದಿದ್ದರೆ ಡಿಸೆಂಬರಿನಿಂದ ನನಗೆ ನವಿಲಿನ ಪರದೆಯೂ ಇಲ್ಲ, ನಾದಿನಿಯರ ಜೊತೆ ಚಾಪೆ ಎಂದೆ. ಅವರು ನೀರನ್ನೇ ನೋಡುತ್ತ, ನಾಳೆಯದು ನಾಳೆ ಎಂದರು.

ಇಲ್ಲ. ನಾಳೆಯದು ಇವತ್ತೇ.

೧೫ ನವೆಂಬರ್, ಭಾನುವಾರ, ಹನ್ನೆರಡಕ್ಕೆ ಹತ್ತು ನಿಮಿಷ

ದಾರಿ ಇಲ್ಲ.

ಬೆಳಿಗ್ಗೆ ನಿಧಾನಕ್ಕೆ ಎದ್ದೆ. ನೇರಳೆ ಇಳಕಲ್ ಸೀರೆ ಉಟ್ಟೆ, ಅಬ್ಬಲಿಗೆ ಮುಡಿದೆ, ಹನ್ನೊಂದೂಮುಕ್ಕಾಲಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಲ್ಲಿಗೆ ಬಂದೆ. ನೀರು! ಮರಳದಾರಿಯ ಮೇಲೆ ಆಳುದ್ದ ನೀರು. ತೆಂಗಿನ ಬುಡದವರೆಗೂ ಬಂದಿದೆ. ದೋಣಿಗಳೆಲ್ಲ ಹುಣ್ಣಿಮೆಯ ಜನ ತರಲು ದಕ್ಕೆಗೆ ಹೋಗಿವೆ.

ಗುರುವಾರ ಹನ್ನೆರಡಕ್ಕೆ ತೆರೆದಿತ್ತಲ್ಲ ಎಂದೆ. ಸುಕ್ರಿ ಸೊಂಟ ಹಿಡಿದು ನಕ್ಕಳು. ದಾರಿ ದಿನಾ ಮುಕ್ಕಾಲು ಗಂಟೆ ತಡವಾಗಿ ತೆರೆಯುತ್ತದಂತೆ. ಹುಣ್ಣಿಮೆಯ ಭರತಿಯಂತೂ ಎಲ್ಲಕ್ಕಿಂತ ದೊಡ್ಡದು. ಕೇರಿಯ ಊಟಕ್ಕೆ ಹೋಗುವವರು ಬೆಳಗಿನ ಇಳಿತದಲ್ಲೇ ದಾಟಿಕೊಳ್ಳುತ್ತಾರೆ, ಅದನ್ನು ಹೇಳಿಕೊಡಬೇಕೇ?

“ಆರು ಗಂಟಿಗೇ ಮಾಸ್ತರ್ರಿಗೆ ಹೇಳ್ದೆ, ಈಗ ಹೊರಡಿ ಅಂತ. ಅದು ಮಲಗಿದ್ದು, ಮಲಗ್ಲಿ ಅಂದ್ರು.”

ತಿರುಗಿ ನೋಡಿದೆ. ನಾಗಪತಿ ಪಂಚೆಯ ಅಂಚು ಮಡಿಸುತ್ತಿದ್ದರು.

ಗೊತ್ತಿತ್ತು. ಗುರುವಾರದಿಂದಲೇ ಗೊತ್ತಿತ್ತು! ಈ ಹೊಳೆಯ ಮಗ್ಗುಲಲ್ಲೇ ಬೆಳೆದವರು. ಕೇಳಿದೆ. ಮೆಲ್ಲನೆ ಒಪ್ಪಿಕೊಂಡರು — ನೀರೇ ಅಡ್ಡ ಬಂದರೆ ತಾನು ಏನೂ ಹೇಳಬೇಕಾಗಿಲ್ಲ ಎಂದುಕೊಂಡರಂತೆ. ಹೇಡಿ! ನನ್ನ ಮುದ್ದು ಹೇಡಿ! ನೀರಿನ ಸೆರಗಿನಲ್ಲಿ ಅಡಗುವವರು!

ಆ ದಡದಲ್ಲಿ ಛತ್ರಿ ಕಾಣುತ್ತಿದೆ. ಅತ್ತೆ.

ಒಂದೂಕಾಲು

ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ಅತ್ತೆಯ ಹಿಂದೆ ದೇವಿ ಚಿಕ್ಕಮ್ಮ. ಅವರ ಹಿಂದೆ ಹಬ್ಬದ ಬಟ್ಟೆಯಲ್ಲಿ ಅರ್ಧ ಕೇರಿ. ನಡುವೆ ಮೂವತ್ತು ಮಾರು ನೀರು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು, ಯಾಕೆ ಬರಲಿಲ್ಲವೆಂದು. ಭರತಿ, ಅಬ್ಬೆ, ಎಂದರು ನಾಗಪತಿ.

“ಭರತಿ ನಿನ್ನೆ ಹುಟ್ಟಿದ್ದಾ?”

ಜನ ನಕ್ಕರು. ಆಗ ಚಿಕ್ಕಮ್ಮ, ಪಾಪ, ಒಳ್ಳೆಯವರು, ನನಗೊಂದು ದಾರಿ ಮಾಡಿಕೊಟ್ಟರು. “ಅದ್ಕೆ ಗೊತ್ತಿಲ್ಲ ಅಕ್ಕಾ, ಪ್ಯಾಟೆದು. ಬಿಡು.”

ಹೌದೆಂದು ತಲೆ ತಗ್ಗಿಸಿದರೆ ಮುಗಿಯುತ್ತಿತ್ತು. ಪೇಟೆಯ ಪೆದ್ದು ಸೊಸೆ, ಪಾಪದ ಗಂಡ. ತಪ್ಪೆಲ್ಲ ಭರತಿಯದು, ನಂತರ ನನ್ನದು, ಡಿಸೆಂಬರಿನಿಂದ ಚಾಪೆ. ನಾಗಪತಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ನನಗೆ ಗೊತ್ತಿರಲಿಲ್ಲ, ನಿಜ, ನಿಮಗೆ ಗೊತ್ತಿತ್ತು, ಈಗ ಹೇಳಿ ಎಂದೆ.

“ಇಷ್ಟು ದೂರದಿಂದನಾ?”

“ದೂರದಿಂದಲೇ. ಇಲ್ಲಿ ಸಾರು ಬಡಿಸುವವರಿಲ್ಲ.”

ಒಂದು ಹೆಜ್ಜೆ ನೀರಿಗಿಳಿದರು. “ಅಬ್ಬೆ, ಭಟ್ಕಳಕ್ಕೆ ನಾವಿಬ್ರೂ ಹೋಗ್ತೇವೆ.”

“ಎಂತ?”

ಅವರ ಬೆನ್ನು ನೋಡುತ್ತಿದ್ದೆ. ಈಗ ‘ಎಂತ ಇಲ್ಲ’ ಎನ್ನುತ್ತಾರೆ, ಈಗ ಎನ್ನುತ್ತಾರೆ... ಇನ್ನೊಂದು ಹೆಜ್ಜೆ ಇಳಿದರು. ಮೊಣಕಾಲು ಮುಳುಗಿತು. ಮತ್ತೆ ಹೇಳಿದರು! ಜೋರಾಗಿ!

“ಎಂತ?”

ಕೇರಿಯ ನಗು ನಿಂತುಬಿಟ್ಟಿತ್ತು. ಎರಡು ‘ಎಂತ’ ದಾಟಿದವರನ್ನು ಅವರೂ ಕಂಡಿರಲಿಲ್ಲ. ನಾಗಪತಿ ಪಂಚೆ ಬಿಟ್ಟು ಎರಡೂ ಕೈ ಬಾಯಿಗೆ ಹಿಡಿದು, ಗಂಟಲು ಹರಿಯುವ ಹಾಗೆ —

“ನಾನೂ ಲಕ್ಕಿಯೂ ಭಟ್ಕಳಕ್ಕೆ ಹೋಗ್ತೇವೆ. ಬೆಳಿಗ್ಗೆ ದಾಟದೇ ಉಳಿದದ್ದೂ ನಾನೇ. ಲಕ್ಕಿಯ ತಪ್ಪಲ್ಲ.”

ನನ್ನ ಹೆಸರು. ಹಗಲು ಹೊತ್ತಿನಲ್ಲಿ. ಹೊಳೆಯ ಉದ್ದಕ್ಕೂ.

ಅತ್ತೆ ಛತ್ರಿ ಮಡಿಸಿದರು. ಒಂದೇ ಮಾತು, ಕೂಗಲೂ ಇಲ್ಲ, ಆದರೂ ಕೇಳಿತು.

“ಆತು.”

ಎರಡೂವರೆ

ಯಾವ ‘ಆತು’? ಅನ್ನ ಬೆಂದರೂ ಆತು. ಒಪ್ಪಿದರೂ ಆತು. ಮಾತು ಮುರಿದು ಇನ್ನು ನೀವು ಯಾರೋ ನಾವು ಯಾರೋ ಎಂದರೂ ಆತು. ನಾಗಪತಿಯನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ, ಹೆತ್ತ ಮಗನಿಗೇ ಗೊತ್ತಿಲ್ಲ! ಗಂಟಲು ಕಟ್ಟಿದೆ, ಎಳನೀರು ಕುಡಿಯುತ್ತಿದ್ದಾರೆ, ಒದ್ದೆ ಪಂಚೆ, ಮುಖದ ಮೇಲೆ ಕಳ್ಳ ನಗು. ಇನ್ನೂ ಸಿಟ್ಟಿದೆ ಎಂದೆ. ಇರಲಿ, ಭಟ್ಕಳಕ್ಕೂ ತಗೊಂಡು ಬಾ ಎಂದರು. ಸಿಟ್ಟು ಎಲ್ಲಿ ಉಳಿಯುತ್ತದೆ?

ಅತ್ತೆ ಹೋಗಿಲ್ಲ. ಆ ದಡದ ಹೊನ್ನೆ ಮರದ ಕೆಳಗೇ ಕೂತಿದ್ದಾರೆ. ಕೇರಿಯವರೆಲ್ಲ ಉಂಡು ಮಲಗಿರಬೇಕು. ಚಿಕ್ಕಮ್ಮ ಎರಡು ಸಲ ತಲೆಯ ಮೇಲೆ ಪಾತ್ರೆ ಹೊತ್ತು ಬಂದರು. ಊಟ ಅಲ್ಲಿಗೇ ಬಂದಿದೆ.

ನೀರು ಎದೆಮಟ್ಟ. ಈಗ ಸೊಂಟ.

ಅತ್ತೆ ಎದ್ದರು. ಮರದ ಕೆಳಗೆ ಎಲೆ ಹಾಕುತ್ತಿದ್ದಾರೆ. ಅತ್ತೆ, ಚಿಕ್ಕಮ್ಮ, ನಾಗಪತಿ, ನಾನು — ನಾಲ್ಕು ಇರಬೇಕು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಎಣಿಸುತ್ತಿದ್ದೇನೆ. ಒಂದು. ಎರಡು. ಮೂರು. ಅತ್ತೆ ಸೊಂಟಕ್ಕೆ ಕೈಯಿಟ್ಟು ಇತ್ತ ನೋಡುತ್ತ ನಿಂತರು. ನಾಲ್ಕನೆಯದು ಕೈಯಲ್ಲೇ ಇದೆಯೋ, ಅಲ್ಲಿರುವುದೇ ಮೂರೋ, ಇಲ್ಲಿಂದ ತಿಳಿಯುವುದಿಲ್ಲ.

ತಿಳಿಯುವುದೂ ಬೇಡ. ಸುಕ್ರಿಯ ಹಿತ್ತಿಲಿನಿಂದ ಒಂದು ಬಾಳೆ ಎಲೆ ಕೊಯ್ದು ತಂದಿದ್ದೇನೆ. ಮೂರೇ ಇದ್ದರೆ ನನ್ನದನ್ನು ನಾನೇ ಹಾಸಿಕೊಂಡು, ಅತ್ತೆಯ ಮಗ್ಗುಲಲ್ಲೇ ಕೂತು, ಸಾರು ನಾನೇ ಕೇಳುತ್ತೇನೆ.

ನಾಗಪತಿ ಇಳಿದಾಯಿತು. ಮೊಣಕಾಲು ನೀರು. ಕರೆಯುತ್ತಿದ್ದಾರೆ, ಪಿಸುದನಿಯಲ್ಲಲ್ಲ. ಬಂದೆ ಬಂದೆ — ಚಪ್ಪಲಿ ಒಂದು ಕೈಯಲ್ಲಿ, ಎಲೆ ಇನ್ನೊಂದು ಕೈಯಲ್ಲಿ, ಈ ಪುಸ್ತಕ ಎಲ್ಲಿ ಇಡ —