ಹೊಳ್ಳಿ ತಂದ ಆಡು

ಬೈಲಹೊಂಗಲ
ತಾ. ೧೬-೭-೨೦೦೬, ರವಿವಾರ

ಪ್ರೀತಿಯ ಇಂದ್ರಕ್ಕಾ,

ನಿನ್ನ ತಮ್ಮ ಸಂಜು ಮಾಡುವ ನಮಸ್ಕಾರ. ಮಿರಜಿನಲ್ಲಿ ನೀನು, ಮಾಮಾ, ರಾಣಿ ಮೂವರೂ ಅರಾಮ ಇದ್ದೀರಿ ಎಂದುಕೊಂಡಿದ್ದೇನೆ. ಅಪ್ಪನ ಮಣ್ಣಿಗೆ ಬಂದಾಗ ನೋಡಿದೆ, ಬಹಳ ಸೊರಗಿದ್ದೀ. ಹೊಲಿಗೆ ಮಷಿನ್ ತುಳಿದು ತುಳಿದು ಮೊಣಕಾಲು ಹಿಡಿಯುತ್ತದೆ ಎಂದಿದ್ದೆಯಲ್ಲ, ಈಗ ಹೇಗಿದೆ? ರಾಣಿಯ ಕೆಮ್ಮು ಹೋಯಿತೇ? ಆ ಹುಡುಗಿ ಅಷ್ಟು ಜನರ ನಡುವೆ ನನ್ನ ಹತ್ತಿರ ಬಂದು, ನಿಮ್ಮ ಅಂಗಡಿಯಲ್ಲಿ ಆಟ ಇರುತ್ತವಂತೆ ಹೌದೇ ಎಂದು ಕೇಳಿದಳು. ನನಗೆ ಅಳುವಿನ ನಡುವೆ ನಗು ಬಂತು. ಇಲ್ಲಿ ಅವ್ವ ಅರಾಮ ಇದ್ದಾಳೆ ಎಂದು ಬರೆದರೆ ಸುಳ್ಳಾದೀತು. ದಿನಾ ಮುಂಜಾನೆ ಅಪ್ಪನ ಪಾಲಿನ ಎರಡು ರೊಟ್ಟಿಯನ್ನೂ ಸೇರಿಸಿಯೇ ಬಡಿಯುತ್ತಾಳೆ. ಆಮೇಲೆ ನೆನಪಾಗಿ, ಆ ಎರಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮಗ್ಗಲ ಮನೆಯ ರಾಚವ್ವನ ಎಮ್ಮೆಗೆ ಹಾಕಿ ಬರುತ್ತಾಳೆ. ನನಗೆ ಗೊತ್ತಾಗುವುದಿಲ್ಲ ಎಂದು ತಿಳಿದಿದ್ದಾಳೆ, ಪಾಪ.

ಇಂಟರ್ನೆಟ್ ಅಂಗಡಿ ಇಟ್ಟುಕೊಂಡವನು ಅಂಚೆಯಲ್ಲಿ ಪತ್ರ ಹಾಕುತ್ತಾನಲ್ಲ ಎಂದು ಮಾಮಾ ನಗಬಹುದು, ನಗಲಿ. ಫೋನ್ ಮಾಡಿದರೆ ನೀನು ಊಟ ಆಯಿತೇ ಅನ್ನುತ್ತೀ, ನಾನು ಆಯಿತು ಅನ್ನುತ್ತೇನೆ, ಅಷ್ಟಕ್ಕೇ ಮಾತು ಮುಗಿದುಹೋಗುತ್ತದೆ. ಪತ್ರದಲ್ಲಾದರೆ ಬಾಯಿಗೆ ಬಾರದ್ದನ್ನೂ ಕೈ ಬರೆಯುತ್ತದೆ. ಆ ದಿನ ನೀನು ಅಂಗಳದ ಬೇವಿನ ಗಿಡದ ಕೆಳಗೆ ನಿಂತೇ ಇದ್ದೆ. ಅವ್ವ ಕೈ ಹಿಡಿದು ಎಳೆದರೂ ಹೊಸ್ತಿಲು ದಾಟಲಿಲ್ಲ, ಒಂದು ಗುಟುಕು ನೀರು ಕುಡಿಯಲಿಲ್ಲ. ನಾಲ್ಕರ ಬಸ್ಸಿಗೆ ಹೊರಟಾಗ ನನಗೊಬ್ಬನಿಗೇ ಕೇಳುವಂತೆ ಅಂದೆ: “ಕಡೀಗೂ ಕರೀಲಿಲ್ಲ ನೋಡೋ ತಮ್ಮಾ.” ಆ ಮಾತು ಇವತ್ತಿಗೂ ನನ್ನನ್ನು ಕುಂತಲ್ಲಿ ಕೂಡಲು ಬಿಟ್ಟಿಲ್ಲ. ಅದಕ್ಕೆ ಉತ್ತರ ಹೇಳಲೆಂದೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಓದು.

ಹಳೆಯದನ್ನು ಕೆದಕುತ್ತೇನೆ, ಸಿಟ್ಟಾಗಬೇಡ. ಹತ್ತು ವರ್ಷದ ಹಿಂದೆ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಎಂದು ಚೀಲ ಹಿಡಿದು ನೀನು ಹೊಳೆ ದಂಡೆಗೆ ಬಂದಾಗ, ದಿನದಂತೆ ಅಪ್ಪನೇ ನಿನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಮಲಪ್ರಭೆಯ ಆಚೆ ಬಿಟ್ಟ. ಅವತ್ತು ಚೀಲ ಭಾರವಾಗಿತ್ತಂತೆ. ಅದನ್ನು ಆಚೆ ದಂಡೆಯ ಮೇಲಕ್ಕೆ ಹೊತ್ತು ಕೊಟ್ಟವನೂ ಅವನೇ. ಸಂಜೆ ಕಡೆಯ ಬಸ್ಸಿನವರೆಲ್ಲ ದಾಟಿದ ಮೇಲೂ ಆಚೆ ದಂಡೆಯಲ್ಲಿ ದೋಣಿ ಹಚ್ಚಿ ಕಾಯುತ್ತ ಕುಳಿತಿದ್ದ. ಮೂರನೇ ದಿನ ನಿನ್ನ ಕಾರ್ಡು ಬಂತು, ಕ್ಲಾಸಿಗೆ ಮಷಿನ್ ರಿಪೇರಿಗೆ ಬರುತ್ತಿದ್ದ ಮಾಮಾನನ್ನು ಮದುವೆಯಾಗಿದ್ದೀ ಎಂದು. ಜಾತಿ ಬೇರೆ ಎಂದು ಊರವರು ಕುದಿದರು. ಅಪ್ಪನ ಸಿಟ್ಟು ಬೇರೆಯೇ ಆಗಿತ್ತು. “ನನ್ನ ಕೈಲೇ ದಾಟಿಸ್ಕೊಂಡು ಹ್ವಾದಳು” ಎಂದು ಒಂದೇ ಮಾತು ಅಂದ, ಆಮೇಲೆ ನಿನ್ನ ಹೆಸರು ಎತ್ತಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿ ಬಂದಾಗ ಅವ್ವ ಉಂಡಿ ಕಟ್ಟುತ್ತ ಮೆಲ್ಲಗೆ ಕೇಳುತ್ತಿದ್ದಳು, ಇಂದ್ರಿಯನ್ನು ಕರೆತರೋಣವೇ ಎಂದು. ಅವನ ಉತ್ತರವೂ ಪ್ರತಿ ವರ್ಷ ಒಂದೇ: “ಹೊಳಿಗೆ ಹಿಂದಕ್ಕ ಹೊಳ್ಳೂದು ಗೊತ್ತಿಲ್ಲ. ದಾಟಿದ್ದು ದಾಟಿತು.” ಕರೆಯದೆ ತವರಿಗೆ ಬಂದಳು ಎನ್ನಿಸಿಕೊಳ್ಳಲು ನಿನಗೆ ಮನಸ್ಸಿಲ್ಲ, ಕರೆಯಲು ಅವನಿಗೆ ಮನಸ್ಸಿಲ್ಲ. ಪಂಚಮಿಗೆ ಅಕ್ಕನನ್ನು ಕರೆಯಲು ಹೋಗಬೇಕಾದವನು ತಮ್ಮ ಎಂದು ನನಗೂ ಗೊತ್ತಿತ್ತು. ಆದರೆ ನಾನು ಅಪ್ಪನ ಮುಖ ನೋಡಿ ಸುಮ್ಮನಿರುತ್ತಿದ್ದೆ.

ದೋಣಿಯಲ್ಲಿ ಅವನದೊಂದು ಕಟ್ಟಳೆ ಇತ್ತಲ್ಲ, ನೆನಪಿದೆಯೇ? ಆಚೆ ದಂಡೆಗೆ ಹೋದವರು ಏನೋ ಮರೆತೆವು ಎಂದು ಇಳಿಯದೆ ಹಾಗೇ ಹಿಂದೆ ಬರುತ್ತೇವೆ ಎಂದರೆ ಒಪ್ಪುತ್ತಿರಲಿಲ್ಲ. ದಾಟಿಸಿದ ಜೀವವನ್ನು ಅದೇ ದೋಣಿಯಲ್ಲಿ ಹೊಳ್ಳಿ ತಂದರೆ ಹೊಳೆ ಮುನಿಯುತ್ತದೆ ಎಂದು ಅವನ ಅಪ್ಪ ಹೇಳಿದ್ದನಂತೆ. ದೊಡ್ಡ ಗೌಡರೇ ಇರಲಿ, “ಇಳೀರಿ, ದಂಡಿ ಮ್ಯಾಲೆ ಕುಂದರ್ರಿ, ಮುಂದಿನ ಸರತಿಗೆ ಬರ್ರಿ” ಎಂದುಬಿಡುತ್ತಿದ್ದ. ನೀನು ಐದನೆಯ ಇಯತ್ತೆಯಲ್ಲಿ ಇದ್ದಾಗ ಸಾಲಿಯಲ್ಲಿ ಮಾಸ್ತರರು ಹೇಳಿದ ಹುಲಿ, ಆಕಳು, ಹುಲ್ಲಿನ ಹೊರೆಯ ಲೆಕ್ಕ ತಂದು ಅವನಿಗೆ ಹಾಕಿದ್ದೆ. ದೋಣಿಯಲ್ಲಿ ಅಂಬಿಗನ ಜೊತೆ ಒಂದೇ ಹಿಡಿಸುತ್ತದೆ, ಬಿಟ್ಟರೆ ಹುಲಿ ಆಕಳನ್ನು ತಿನ್ನುತ್ತದೆ, ಆಕಳು ಹುಲ್ಲನ್ನು ತಿನ್ನುತ್ತದೆ, ಮೂರನ್ನೂ ದಾಟಿಸುವುದು ಹೇಗೆ? ಅವನು ಹುಟ್ಟು ಕೆಳಗಿಟ್ಟು, “ಹುಲಿನ್ನ ದೋಣ್ಯಾಗ ಹತ್ತಸಂತ ಯಾ ಮಾಸ್ತರ ಹೇಳಿದಾ?” ಎಂದು ಕೇಳಿದ. ಆಕಳನ್ನು ಒಮ್ಮೆ ಹೊಳ್ಳಿ ತರಬೇಕು ಅಪ್ಪಾ ಎಂದು ನೀನು ಉತ್ತರ ಹೇಳಿದರೆ, ಅದು ಲೆಕ್ಕವೇ ಅಲ್ಲ ಎಂದು ಎದ್ದುಹೋದ.

ನೀನು ಹೋದ ಎರಡು ವರ್ಷಕ್ಕೆ ಸೇತುವೆ ಆಯಿತು. ದೋಣಿಯನ್ನು ದಂಡೆಯ ಮೇಲೆ ಮಗುಚಿ ಹಾಕಿ ನಾವು ಬೈಲಹೊಂಗಲಕ್ಕೆ ಬಂದೆವು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಕಂಪ್ಯೂಟರಿನ ಅಂಗಡಿ ತೆಗೆದ ಮೇಲೆ ಅಪ್ಪ ದಿನಾ ಬಂದು ಮೂಲೆಯ ಕುರ್ಚಿಯಲ್ಲಿ ಕೂಡತೊಡಗಿದ. ಹೊಳೆ ನೋಡುತ್ತ ಕುಳಿತವನಿಗೆ ಬಸ್ ಸ್ಟ್ಯಾಂಡಿನಲ್ಲಿ ನೋಡಲು ಏನಿದೆ? ಮಂಪರು ಹತ್ತಿ ಗೊರಕೆ ಹೊಡೆಯುತ್ತಿದ್ದ, ಗಿರಾಕಿಗಳು ನಗುತ್ತಿದ್ದರು. ಹಾಗಾಗಿ ಒಂದು ದಿನ, ಕೋಣನ ಮುಂದೆ ಕಿನ್ನರಿ ಆದರೂ ಆಗಲಿ ಎಂದು, ಲೆಕ್ಕದ ಆಟ, ಬುದ್ಧಿ ಆಟಗಳಷ್ಟೇ ಇರುವ ಒಂದು ಜಾಲತಾಣ ತೆಗೆದು ಇಲಿಯಂಥ ಆ ಮೌಸನ್ನು ಅವನ ಕೈಗೆ ಕೊಟ್ಟೆ. ಅಕ್ಕಾ, ನೀನು ನಂಬುವುದಿಲ್ಲ, ಅಂಕಿಗಳನ್ನು ಸರಿಸಿ ಒಂದರಿಂದ ಹದಿನೈದು ಕೂರಿಸುವ ಚೌಕವನ್ನು ವಾರದೊಳಗೆ ಕಲಿತುಬಿಟ್ಟ. ಒಂದು ಕಂಬದ ಬಿಲ್ಲೆಗಳನ್ನು ಇನ್ನೊಂದು ಕಂಬಕ್ಕೆ, ಸಣ್ಣದರ ಮೇಲೆ ದೊಡ್ಡದು ಬಾರದ ಹಾಗೆ ಸಾಗಿಸುವ ಆಟದಲ್ಲಿ ಕಾಲೇಜು ಹುಡುಗರನ್ನೇ ಹಿಂದೆ ಹಾಕಿದ. “ಇದಕ್ಕ ಓದು ಬೇಕಾಗಿಲ್ಲ, ತಾಳ್ಮಿ ಬೇಕು” ಎನ್ನುತ್ತಿದ್ದ. ತಾಳ್ಮೆಯ ಮಾತು ಅವನ ಬಾಯಲ್ಲಿ!

ಆದರೆ ಒಂದು ಆಟ ಮಾತ್ರ ಅವನಿಗೆ ಒಲಿಯಲಿಲ್ಲ. ಅದರಲ್ಲಿ ಒಂದು ಹೊಳೆ, ಒಂದು ದೋಣಿ, ಒಬ್ಬ ಅಂಬಿಗ. ಈಚೆ ದಂಡೆಯಲ್ಲಿ ತೋಳ, ಆಡು, ಕ್ಯಾಬೇಜು. ನಿನ್ನ ಹುಲಿ, ಆಕಳು, ಹುಲ್ಲೇ ವೇಷ ಹಾಕಿಕೊಂಡು ಬಂದಿತ್ತು. ಮೊದಲ ದಿನ ದೋಣಿಯನ್ನು ನೋಡಿ ಮುಖ ಅರಳಿಸಿದ. ಆಮೇಲೆ ತಪ್ಪು ಹುಡುಕಲು ಕುಳಿತ. ಹುಟ್ಟು ಎಲ್ಲಿದೆ? ಸೆಳವು ಯಾವ ಕಡೆ? ದಂಡೆಯ ಮೇಲೆ ಒಂದು ಗೂಟ ಬಡಿದು ಆಡನ್ನು ಕಟ್ಟಬಾರದೇನು? ಆಡನ್ನು ದಾಟಿಸುತ್ತಿದ್ದ, ಬಂದು ತೋಳವನ್ನು ಒಯ್ಯುತ್ತಿದ್ದ, ಆಡಿನ ಮುಂದೆ ತೋಳವನ್ನು ಇಳಿಸಿ ಬರಿದೋಣಿ ತರುತ್ತಿದ್ದ, ಅಷ್ಟರಲ್ಲಿ ತೋಳ ಆಡನ್ನು ತಿಂದು ಆಟ ಮುಗಿಯುತ್ತಿತ್ತು. ದಿನಕ್ಕೆ ಹತ್ತು ಸಲ ಆಡು ಸಾಯುತ್ತಿತ್ತು. ಉತ್ತರ ನನಗೆ ಗೊತ್ತು ಹೇಳಲೇ ಎಂದರೆ, “ಬಾಯಿ ಮುಚ್ಚಲೇ, ಮೂವತ್ತು ವರ್ಷ ದೋಣಿ ನಡಸೇನಿ” ಎಂದು ಗದರುತ್ತಿದ್ದ. ಹೀಗೆ ಎರಡು ವರ್ಷ, ಅಕ್ಕಾ. ಉಳಿದ ಆಟ ಬಿಟ್ಟರೂ ಇದನ್ನು ಬಿಡಲಿಲ್ಲ. ಒಮ್ಮೆ ಆಚೆ ದಂಡೆಯ ಆಡಿನ ಮೇಲೆ ಮೌಸಿನ ಬಾಣದ ಗುರುತು ಇಟ್ಟು ಬಹಳ ಹೊತ್ತು ಹಾಗೇ ಕುಳಿತಿದ್ದ, ಒತ್ತಲಿಲ್ಲ. ಆಮೇಲೆ ಮೌಸನ್ನು ಬದಿಗೆ ಸರಿಸಿ ಎದ್ದುಹೋದ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡೆ.

ಈ ಮೇ ತಿಂಗಳ ಒಂದು ಸೋಮವಾರ, ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಪ್ಪ ಮೂಲೆಯಿಂದ ನನ್ನನ್ನು ಕೂಗಿದ. ಹೋಗಿ ನೋಡುತ್ತೇನೆ, ಆಚೆ ದಂಡೆಯಲ್ಲಿ ತೋಳ ಒಂದೇ ನಿಂತಿದೆ, ದೋಣಿ ಈಚೆ ಬಂದಿದೆ, ದೋಣಿಯಲ್ಲಿ ಆಡು ಇದೆ. ಅವನೇ ಹೊಳ್ಳಿ ತಂದಿದ್ದ. ಆಡನ್ನು ಇಳಿಸಿದ, ಕ್ಯಾಬೇಜು ಒಯ್ದ, ಬರಿದೋಣಿ ತಂದ, ಮತ್ತೆ ಆಡನ್ನು ಹತ್ತಿಸಿಕೊಂಡು ಹೋದ. ಏಳು ಸರತಿ. ಪರದೆಯ ಮೇಲೆ ಬಣ್ಣದ ಚುಕ್ಕಿಗಳು ಸಿಡಿದವು. ಅವನು ಅದನ್ನು ನೋಡಲೇ ಇಲ್ಲ, ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡ. “ಇಂದ್ರಿ ಅವತ್ತ ಹೇಳಿದ್ದಳು. ನಾ ಕೇಳಲಿಲ್ಲ” ಎಂದ. ಹತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಆಗ. ಗೆದ್ದವರು ಹೆಸರು ಬರೆಯಬೇಕು ಎಂದು ಆಟ ಕೇಳುತ್ತಿತ್ತು. ನಾನು ಅವನ ಹೆಸರು, ಕಾಡಪ್ಪ ಎಂದು, ಒತ್ತಲು ಹೋದರೆ ನನ್ನ ಕೈ ಹಿಡಿದ. “ನಂದು ಬ್ಯಾಡ. ಆಕೀದ ಬರಿ. ಲೆಕ್ಕ ಬಿಡಿಸಿದಾಕಿ ಆಕಿ.” ಬರೆದೆ, ಅಕ್ಕಾ. ಆ ಪಟ್ಟಿಯಲ್ಲಿ ಎಲ್ಲೆಲ್ಲಿಯದೋ ದೇಶದವರ ಹೆಸರುಗಳ ನಡುವೆ ನಿನ್ನ ಹೆಸರು ಕೂತಿತು.

ಅದಾದ ನಾಲ್ಕನೆಯ ದಿನ, ಶುಕ್ರವಾರ, ಅದೇ ಕುರ್ಚಿಯಲ್ಲಿ ಎದೆ ಹಿಡಿದುಕೊಂಡ. ದವಾಖಾನೆ ಮುಟ್ಟುವವರೆಗೂ ಇರಲಿಲ್ಲ. ಉಳಿದದ್ದು ನಿನಗೆ ಗೊತ್ತು. ಅಷ್ಟು ಜನರ ನಡುವೆ ತೋಳ, ಆಡಿನ ಕಥೆ ಹೇಗೆ ಹೇಳಲಿ ಎಂದು ಅವತ್ತು ಸುಮ್ಮನಾದೆ. ಹೇಳಿದ್ದರೆ ನೀನು ಒಂದು ಗುಟುಕು ನೀರಾದರೂ ಕುಡಿದು ಹೋಗುತ್ತಿದ್ದೆಯೇನೋ. ಅಪ್ಪನ ಮೇಲಿನ ಸಿಟ್ಟನ್ನು ಬಿಡು, ಅಕ್ಕಾ. ಅವನು ತಡ ಮಾಡಿದ, ಆದರೆ ಆ ದಂಡೆಯಲ್ಲಿ ನಿನ್ನನ್ನು ಬಿಟ್ಟು ಹೋಗಲಿಲ್ಲ.

ಮಾಮಾಗೆ ನನ್ನ ನಮಸ್ಕಾರ ತಿಳಿಸು. ರಾಣಿಗೆ ಅವ್ವ ಹಣೆ ಮುಟ್ಟಿ ಆಶೀರ್ವಾದ ಹೇಳಿದ್ದಾಳೆ, ಮೊಮ್ಮಗಳ ಜಡೆ ಹೆಣೆಯುವ ಆಸೆಯಂತೆ ಅವಳಿಗೆ. ಮೊಣಕಾಲಿಗೆ ಎಣ್ಣೆ ಹಚ್ಚು, ಮಷಿನ್ ಸ್ವಲ್ಪ ಕಡಿಮೆ ತುಳಿ.

ನಿನ್ನ ತಮ್ಮ,
ಸಂಜು

ತಾ.ಕ.: ಪತ್ರ ಅಂಟಿಸಲು ಹೋಗಿ ಮತ್ತೆ ಬಿಚ್ಚಿದ್ದೇನೆ. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಸೋಮವಾರ ಸಂಜೆಯೇ ಅಪ್ಪ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದು, “ನಾಳಿ ಮುಂಜಾನಿ ಮಿರಜಿಗೆ ಹೋಗೂಣು. ಆಕೀನ ಹೊಳ್ಳಿ ತರೂಣು” ಎಂದ. ನಾನೇ, ಅಕ್ಕಾ, ಈ ಪಾಪಿ ಬಾಯಿಂದಲೇ ಅಂದೆ: “ಈ ವಾರ ಹತ್ತನೇ ಇಯತ್ತೆ ರಿಸಲ್ಟ್ ಐತೆಪಾ, ವರ್ಷದಾಗ ಅದೊಂದ ದಿನ ಅಂಗಡಿ ತುಂಬತೈತಿ. ಪಂಚಮಿಗೆ ಕರದ್ರಾತು.” ಹತ್ತು ವರ್ಷ ತಡೆದವನಿಗೆ ಎರಡು ತಿಂಗಳು ಏನು ಮಹಾ ಎಂದುಕೊಂಡೆ. ಅವನು ವಾದ ಮಾಡಲಿಲ್ಲ, ಆತು ಎಂದು ಅಂಗಿಯನ್ನು ಮಡಚಿ ಟ್ರಂಕಿನಲ್ಲಿಟ್ಟ. ಅವ್ವನಿಗೂ ಇದು ಗೊತ್ತಿಲ್ಲ. ಅಪ್ಪ ಕರೆದ, ಅಕ್ಕಾ. ಕರೆಯದೆ ಉಳಿದವನು ನಾನು. ಈ ವರ್ಷ ನಮಗೆ ಹಬ್ಬವಿಲ್ಲ, ಉಂಡಿ ಕಟ್ಟುವ ಹಾಗಿಲ್ಲ, ಆದರೂ ಪಂಚಮಿಯ ಹಿಂದಿನ ದಿನ ನಿನ್ನನ್ನು ಕರೆಯಲು ಬರುತ್ತೇನೆ. ಆ ಅಂಗಿಯನ್ನೇ ಹಾಕಿಕೊಂಡು ಬರುತ್ತೇನೆ. ಬೈಯಿ, ಬೇಕಾದರೆ ಹೊಡೆ, ಬಾಗಿಲು ಮಾತ್ರ ತೆಗಿ.